ಸಿನಿಮಾದ ಯುರೋಪಿನಲ್ಲಿ ಕೆಲಸಕ್ಕೆ ಹೋಗುವವರು ಯಾರು?

1995ನೇ ಇಸವಿ. ಜನವರಿಯಲ್ಲಿ ಅಮೆರಿಕದಲ್ಲಿ 'ಬಿಫೋರ್ ಸನ್‌ರೈಸ್' ಬಿಡುಗಡೆಯಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮಲ್ಲಿ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಬಂತು. ಒಂದಕ್ಕೊಂದು ಏನೇನೂ ಸಂಬಂಧವಿಲ್ಲದ ಸಿನಿಮಾಗಳು. ಆದರೆ ಎರಡರಲ್ಲೂ ಒಬ್ಬ ಹುಡುಗ, ಒಬ್ಬಳು ಹುಡುಗಿ, ಯುರೋಪಿನ ಒಂದು ರೈಲು. ಒಂದರಲ್ಲಿ ಇಬ್ಬರೂ ಬೇಕಂತಲೇ ನಡುದಾರಿಯಲ್ಲಿ ಇಳಿದುಬಿಡುತ್ತಾರೆ. ಇನ್ನೊಂದರಲ್ಲಿ ರೈಲು ತಪ್ಪಿಹೋಗುತ್ತದೆ. ಪ್ರೀತಿ ಶುರುವಾಗುವುದು ಅಲ್ಲಿಂದಲೇ.

ನಮ್ಮಲ್ಲಿ ಬಹಳ ಜನರ ತಲೆಯೊಳಗಿನ ಯುರೋಪು ಇಂಥ ರೈಲುಗಳಲ್ಲೇ ಬಂದು ಇಳಿದದ್ದು. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ರೋಮ್ ಗೊತ್ತು, ಪ್ಯಾರಿಸ್ ಗೊತ್ತು, ಹಿಮದ ಬೆಟ್ಟದ ಕೆಳಗೆ ಹಳದಿ ಹೂವಿನ ಬಯಲು ಗೊತ್ತು. ಮದುವೆ ನಿಶ್ಚಯವಾದ ಕೂಡಲೇ ಹನಿಮೂನ್ ಪ್ಯಾಕೇಜಿನ ಬೆಲೆ ನೋಡುತ್ತೇವೆ. ಆರು ತಿಂಗಳ ಸಂಬಳ ಒಂದು ಕಡೆ, ಹತ್ತು ದಿನದ ಯುರೋಪು ಇನ್ನೊಂದು ಕಡೆ. ಆದರೂ ಮನಸ್ಸು ಎಳೆಯುವುದು ಎರಡನೆಯದರ ಕಡೆಗೇ. ಯಾಕೆ? ಅಲ್ಲಿಗೆ ಹೋದರೆ ನಾವೂ ಬೇರೆಯವರಾಗುತ್ತೇವೆ ಅಂತ ಸಿನಿಮಾ ನಮಗೆ ಮಾತು ಕೊಟ್ಟಿದೆ.

ಈ ಮಾತು ಎಷ್ಟು ನಿಜ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಮುಂದಿನ ಸಲ ಯುರೋಪಿನ ಲವ್ ಸ್ಟೋರಿ ನೋಡುವಾಗ ನಾಯಕ ನಾಯಕಿಯರನ್ನು ಬಿಟ್ಟು ಹಿಂದೆ ಓಡಾಡುವವರನ್ನು ನೋಡಿ. ಇವರಲ್ಲಿ ಆಫೀಸಿಗೆ ಹೋಗುವವರು ಯಾರು? ಬಾಡಿಗೆ ಕಟ್ಟುವವರು ಯಾರು? ಬೆಳಗ್ಗೆ ಬೀದಿ ಗುಡಿಸಿದವರು ಎಲ್ಲಿ?

ಹೆಚ್ಚಿನ ಸಿನಿಮಾಗಳಲ್ಲಿ ಉತ್ತರ ಸಿಗುವುದಿಲ್ಲ. ಅಲ್ಲಿ ಯುರೋಪು ಒಂದು ಊರಲ್ಲ, ಒಂದು ರಜೆ. ಪ್ರೇಮಿಗಳೂ ಆ ಊರಿನವರಲ್ಲ, ಬಂದು ಹೋಗುವವರು. ಊರಿನವರು ಇರುವುದು ಕಾಫಿ ತಂದಿಡಲು, ಪಿಟೀಲು ಬಾರಿಸಲು, ಹೂ ಮಾರಲು. ಆದರೆ ಕೆಲವು ಸಿನಿಮಾಗಳು ಹಾಗಲ್ಲ. ಅವು ಇವತ್ತಿಗೂ ಯಾಕೆ ಮನಸ್ಸಿಗೆ ತಟ್ಟುತ್ತವೆ ಅನ್ನುವುದರಲ್ಲೇ ಒಂದು ಪಾಠ ಇದೆ.

ರೋಮ್: ಬಾಡಿಗೆ ಬಾಕಿ ಇಟ್ಟ ನಾಯಕ

ಮೊದಲು ಎಲ್ಲರಿಗಿಂತ ಹಿರಿಯಕ್ಕನಿಂದ ಶುರು ಮಾಡೋಣ. 1953ರ 'ರೋಮನ್ ಹಾಲಿಡೇ'. ನಿರ್ದೇಶಕ ವಿಲಿಯಂ ವೈಲರ್. ಆಡ್ರಿ ಹೆಪ್‌ಬರ್ನ್‌ಗೆ ಆಸ್ಕರ್ ತಂದುಕೊಟ್ಟ ಚಿತ್ರ. ಯಾವುದೋ ದೇಶದ ರಾಜಕುಮಾರಿ ಕಟ್ಟುಪಾಡು ಸಾಕಾಗಿ ರಾಯಭಾರ ಕಚೇರಿಯಿಂದ ತಪ್ಪಿಸಿಕೊಂಡು ರೋಮ್ ಬೀದಿಗೆ ಬರುತ್ತಾಳೆ. ಒಬ್ಬ ಅಮೆರಿಕನ್ ಪತ್ರಕರ್ತನ ಕೈಗೆ ಸಿಗುತ್ತಾಳೆ. ಒಂದು ದಿನ ಊರು ಸುತ್ತುತ್ತಾರೆ.

ಇವತ್ತು ಆ ಸಿನಿಮಾದಿಂದ ಉಳಿದಿರುವುದು ವೆಸ್ಪಾ ಸ್ಕೂಟರು, ಸ್ಪ್ಯಾನಿಷ್ ಮೆಟ್ಟಿಲ ಮೇಲೆ ತಿಂದ ಐಸ್‌ಕ್ರೀಂ, ಕಲ್ಲಿನ ಬಾಯೊಳಗೆ ಕೈ ಹಾಕುವ ದೃಶ್ಯ. ಆ ಕಲ್ಲಿನ ಮುಖದ ಮುಂದೆ ಫೋಟೋಕ್ಕೆ ಜನ ಇವತ್ತಿಗೂ ಸಾಲು ನಿಲ್ಲುತ್ತಾರೆ. ಆದರೆ ಸಿನಿಮಾವನ್ನು ಮತ್ತೊಮ್ಮೆ ಹಾಕಿ ನೋಡಿ. ಇಡೀ ಕಥೆ ನಡೆಯುವುದು ದುಡ್ಡಿನ ಮೇಲೆ. ನಾಯಕ ಜೋ ಬಾಡಿಗೆ ಬಾಕಿ ಇಟ್ಟವನು. ಮನೆ ಮಾಲೀಕ ಕಂಡರೆ ನುಣುಚಿಕೊಳ್ಳುವವನು. ರಾಜಕುಮಾರಿಯ ಸುದ್ದಿ ಬರೆದರೆ ಒಳ್ಳೆ ಮೊತ್ತ ಸಿಗುತ್ತದೆ ಅಂತಲೇ ಅವಳ ಜೊತೆ ಸುತ್ತಲು ಹೊರಡುತ್ತಾನೆ. ಅವಳಿಗೆ ಸಾಲವಾಗಿ ಕೊಡುವುದು ಸಾವಿರ ಲಿರಾ. ಕೇಳಲು ದೊಡ್ಡ ಮೊತ್ತ, ಲೆಕ್ಕ ಹಾಕಿದರೆ ಆಗಿನ ಒಂದೂವರೆ ಡಾಲರ್. ಅಷ್ಟರಲ್ಲೇ ಅವಳು ಚಪ್ಪಲಿ ಕೊಳ್ಳುತ್ತಾಳೆ, ಕೂದಲು ಕತ್ತರಿಸಿಕೊಳ್ಳುತ್ತಾಳೆ, ಐಸ್‌ಕ್ರೀಂ ತಿನ್ನುತ್ತಾಳೆ.

ಕೊನೆಗೆ ಇಬ್ಬರೂ ಒಂದಾಗುವುದಿಲ್ಲ. ಅವಳು ತನ್ನ ಕೆಲಸಕ್ಕೆ ವಾಪಸ್ ಹೋಗುತ್ತಾಳೆ. ರಾಜಕುಮಾರಿಯಾಗಿರುವುದೂ ಒಂದು ಕೆಲಸವೇ ತಾನೆ. ಅವನು ಬರೆಯಬೇಕಿದ್ದ ಸುದ್ದಿ ಬರೆಯುವುದಿಲ್ಲ, ಬರಬೇಕಿದ್ದ ದುಡ್ಡು ಬಿಡುತ್ತಾನೆ. ಪ್ರೀತಿ ಅಂದ್ರೆ ಇಲ್ಲಿ ವೆಸ್ಪಾ ಅಲ್ಲ. ಕೈಗೆ ಬಂದ ದುಡ್ಡನ್ನು ಅವಳಿಗೋಸ್ಕರ ಬಿಟ್ಟದ್ದು ಪ್ರೀತಿ.

ತೆರೆಯ ಹಿಂದೆಯೂ ದುಡ್ಡಿನದೇ ಕಥೆ. ಯುದ್ಧ ಮುಗಿದ ಹೊಸತು. ಇಟಲಿಯಲ್ಲಿ ಗಳಿಸಿದ ಹಣವನ್ನು ಅಮೆರಿಕದ ಸ್ಟುಡಿಯೋಗಳು ಮನಬಂದಂತೆ ಹೊರಗೆ ಸಾಗಿಸುವ ಹಾಗಿರಲಿಲ್ಲ. ಅಲ್ಲೇ ಖರ್ಚು ಮಾಡಬೇಕು. ಹಾಗಾಗಿ ಹಾಲಿವುಡ್ ಕ್ಯಾಮೆರಾ ಹೊತ್ತು ರೋಮಿಗೇ ಬಂತು. ಮೂಲಕಥೆ ಬರೆದ ಡಾಲ್ಟನ್ ಟ್ರಂಬೊ ಆಗ ಅಮೆರಿಕದ ಕಪ್ಪುಪಟ್ಟಿಯಲ್ಲಿದ್ದ. ಅವನ ಹೆಸರು ಹಾಕುವಂತಿರಲಿಲ್ಲ. ಆ ಕಥೆಯ ಆಸ್ಕರ್ ಅವನ ಹೆಂಡತಿಯ ಕೈ ಸೇರಿದ್ದು 1993ರಲ್ಲಿ. ಅಷ್ಟರಲ್ಲಿ ಅವನು ತೀರಿಹೋಗಿ ಹದಿನೇಳು ವರ್ಷ ಆಗಿತ್ತು. ಬಿಡುವಿನ ಒಂದು ದಿನಕ್ಕಾಗಿ ಹಂಬಲಿಸುವ ಆ ಕಥೆ ಹುಟ್ಟಿದ್ದು ಬಿಡುವಿಲ್ಲದೆ ಬಚ್ಚಿಟ್ಟುಕೊಂಡು ಬರೆಯುತ್ತಿದ್ದವನ ಕೈಯಲ್ಲಿ.

ಮತ್ತೆ ಇವತ್ತಿನ ರೋಮ್? ಸ್ಪ್ಯಾನಿಷ್ ಮೆಟ್ಟಿಲ ಮೇಲೆ ಕೂರುವುದನ್ನು 2019ರಿಂದ ನಿಷೇಧಿಸಿದ್ದಾರೆ. ಕೂತರೆ 250 ಯೂರೋ ದಂಡ. ಆಡ್ರಿ ಹೆಪ್‌ಬರ್ನ್ ಇವತ್ತು ಅಲ್ಲಿ ನಿಂತು ಐಸ್‌ಕ್ರೀಂ ತಿಂದರೂ ಪೊಲೀಸರು ಸೀಟಿ ಊದುತ್ತಾರೆ.

ವೆನಿಸ್: ಉಳಿತಾಯ ಮಾಡಿ ಬಂದವಳು

ರೋಮಿನ ಎರಡು ವರ್ಷದ ನಂತರ ಬಂದ ಇನ್ನೊಂದು ಸಿನಿಮಾ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. 1955ರ 'ಸಮರ್‌ಟೈಮ್'. ಡೇವಿಡ್ ಲೀನ್ ನಿರ್ದೇಶನ, ಕ್ಯಾಥರಿನ್ ಹೆಪ್‌ಬರ್ನ್ ನಾಯಕಿ. ಇವಳು ರಾಜಕುಮಾರಿ ಅಲ್ಲ. ಅಮೆರಿಕದ ಒಂದು ಸಾಧಾರಣ ಊರಿನ ಸೆಕ್ರೆಟರಿ. ಮದುವೆಯಾಗಿಲ್ಲ. ವರ್ಷಗಟ್ಟಲೆ ಕೂಡಿಟ್ಟ ದುಡ್ಡಲ್ಲಿ ಒಬ್ಬಳೇ ವೆನಿಸಿಗೆ ಬರುತ್ತಾಳೆ. ಕೈಯಲ್ಲಿ ಸಿನಿ ಕ್ಯಾಮೆರಾ, ಕಂಡದ್ದನ್ನೆಲ್ಲ ಚಿತ್ರ ಹಿಡಿಯುತ್ತಾಳೆ. ಹಾಗೆ ಹಿಡಿಯುತ್ತಾ ಹಿಂದೆ ಹಿಂದೆ ಸರಿದು ಕಾಲುವೆಗೆ ಬೀಳುತ್ತಾಳೆ. ಸೆಲ್ಫಿ ತೆಗೆಯಲು ಹೋಗಿ ನೀರಿಗೆ ಬೀಳುವವರ ಸುದ್ದಿಯನ್ನು ಈಗಲೂ ಓದುತ್ತೇವಲ್ಲ, ಅದೇ!

ಆ ದೃಶ್ಯದಲ್ಲಿ ಹೆಪ್‌ಬರ್ನ್ ತಾನೇ ಬಿದ್ದಳು. ಕಾಲುವೆಯ ನೀರು ತಗುಲಿದ ಕಣ್ಣಿನ ಸೋಂಕು ಜೀವನಪೂರ್ತಿ ಕಾಡಿತು ಅಂತ ಮುಂದೆ ಹೇಳಿಕೊಂಡಿದ್ದಳು. ವೆನಿಸಿನ ನೀರು ತೆರೆಯ ಮೇಲೆ ಮಾತ್ರ ತಿಳಿನೀಲಿ.

ಅವಳು ಮನಸೋಲುವ ಅಂಗಡಿಯವನಿಗೆ ಹೆಂಡತಿ ಮಕ್ಕಳಿದ್ದಾರೆ. ಹಳೆಯ ಕಾಲದ್ದು ಅಂತ ಅವನು ಕೊಟ್ಟ ಕೆಂಪು ಗಾಜಿನ ಲೋಟದಂಥದ್ದೇ ಹೊಸ ಸೆಟ್ಟನ್ನು ಬೇರೆ ಪ್ರವಾಸಿಗರು ಬುಟ್ಟಿಗಟ್ಟಲೆ ತಂದಾಗ, ತಾನು ಮೋಸಹೋದೆನೇನೋ ಅಂತ ಅವಳ ಮುಖ ಸಣ್ಣಗಾಗುತ್ತದೆ. ಪ್ರವಾಸ ಹೋದ ಯಾರಿಗೂ ಆ ಮುಖ ಅರ್ಥವಾಗುತ್ತದೆ. ವರ್ಷಗಟ್ಟಲೆ ಉಳಿಸಿ ಬಂದಿದ್ದೇನೆ, ಇದು ಅಸಲಿಯೇ ಆಗಿರಬೇಕು ಅನ್ನುವ ಹಟ. ಊರೂ ಅಸಲಿ, ಲೋಟವೂ ಅಸಲಿ, ಪ್ರೀತಿಯೂ ಅಸಲಿ.

ಅವಳು ಕೊನೆಗೆ ಒಬ್ಬಳೇ ರೈಲು ಹತ್ತುತ್ತಾಳೆ. ವೆನಿಸ್ ಅವಳಿಗೆ ಕೊಟ್ಟದ್ದು ಗಂಡನನ್ನಲ್ಲ, ಕೆಲವು ದಿನಗಳನ್ನು. ಅಷ್ಟನ್ನು ಅವಳು ನಗುತ್ತಲೇ ಒಯ್ಯುತ್ತಾಳೆ.

ಆ ಕಾಲದ ವೆನಿಸಿನ ಹಳೇ ನಗರದಲ್ಲಿ ಸುಮಾರು ಒಂದೂಮುಕ್ಕಾಲು ಲಕ್ಷ ಜನ ವಾಸವಿದ್ದರು. ಈಗ ಐವತ್ತು ಸಾವಿರಕ್ಕೂ ಕಡಿಮೆ. ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾದವು, ತರಕಾರಿ ಅಂಗಡಿಯ ಜಾಗಕ್ಕೆ ಮುಖವಾಡದ ಅಂಗಡಿ ಬಂತು. 2024ರ ಏಪ್ರಿಲಿನಿಂದ ಜನಜಂಗುಳಿಯ ಕೆಲವು ದಿನಗಳಲ್ಲಿ, ಹಗಲು ಬಂದು ಸಂಜೆ ಹೋಗುವವರು ಪ್ರವೇಶ ಶುಲ್ಕ ಕೊಡಬೇಕಾಯಿತು, ಆ ವರ್ಷ ಅದು 5 ಯೂರೋ. ಒಂದು ಊರಿನೊಳಗೆ ಕಾಲಿಡಲು ಟಿಕೆಟ್! ಸಿನಿಮಾ ಊರನ್ನು ಸೆಟ್ ಮಾಡಿತ್ತು, ಕೊನೆಗೆ ಊರೇ ಟಿಕೆಟ್ ಕೌಂಟರ್ ತೆರೆಯಿತು. ಇದಕ್ಕೆಲ್ಲ ಸಿನಿಮಾ ಒಂದೇ ಕಾರಣ ಅಂತಲ್ಲ. ಅಗ್ಗದ ವಿಮಾನ, ಕ್ರೂಸ್ ಹಡಗು, ಮೊಬೈಲ್ ಕ್ಯಾಮೆರಾ ಎಲ್ಲವೂ ಸೇರಿದೆ. ಆದರೆ ಆಸೆಯ ಬೀಜ ಬಿತ್ತಿದ್ದರಲ್ಲಿ ಸಿನಿಮಾದ ಪಾಲು ಸಣ್ಣದಲ್ಲ.

ಪ್ಯಾರಿಸ್, ಲಂಡನ್: ತೊಳೆದು ಒರೆಸಿದ ಬೀದಿ

ರೋಮ್, ವೆನಿಸಿನ ಆ ಹಳೆಯ ಸಿನಿಮಾಗಳು ಕನಿಷ್ಠ ಬೀದಿಯನ್ನು ಇದ್ದ ಹಾಗೆ ತೋರಿಸಿದವು. ನಂತರದವು ಬೀದಿಯನ್ನೇ ತೊಳೆದುಬಿಟ್ಟವು.

2001ರ 'ಅಮೇಲಿ' ನೆನಪಿದೆಯಾ? ಪ್ಯಾರಿಸಿನ ಮೋಮಾರ್ತ್ ಬೆಟ್ಟ, ಹಸಿರು ಹೊನ್ನಿನ ಬಣ್ಣ, ಕೆಂಪು ಗೋಡೆ, ಚೇಷ್ಟೆ ಕಣ್ಣಿನ ಹುಡುಗಿ. ಅವಳು ಕಾಫಿ ಹೋಟೆಲಿನಲ್ಲಿ ಕೆಲಸಕ್ಕಿದ್ದಾಳೆ, ಆ ಹೋಟೆಲ್ ನಿಜವಾಗಿಯೂ ಇದೆ. ಆದರೆ ತಿಂಗಳ ಕೊನೆಯಲ್ಲಿ ಆ ಸಂಬಳಕ್ಕೆ ಪ್ಯಾರಿಸಲ್ಲಿ ಅಂಥ ಮನೆ ಹೇಗೆ ಅಂತ ಸಿನಿಮಾ ಯೋಚಿಸುವುದಿಲ್ಲ. ಶೂಟಿಂಗಿಗೆ ಮುಂಚೆ ಬೀದಿಯ ಗೋಡೆಬರಹ, ಪೋಸ್ಟರು, ನಿಲ್ಲಿಸಿದ ಕಾರು ಎಲ್ಲ ತೆಗೆಸಿದ್ದರು. ಉಳಿದದ್ದನ್ನು ಕಂಪ್ಯೂಟರಿನಲ್ಲಿ ತಿದ್ದಿದರು.

ತೆಗೆದದ್ದು ಗೋಡೆಬರಹ ಮಾತ್ರವಲ್ಲ ಅಂತ ಫ್ರಾನ್ಸಿನ ಕೆಲವು ವಿಮರ್ಶಕರು ಆಗಲೇ ತಕರಾರು ಎತ್ತಿದ್ದರು. ಮೋಮಾರ್ತ್ ಇರುವ ಪ್ಯಾರಿಸಿನ ಅದೇ 18ನೇ ವಾರ್ಡಿನಲ್ಲಿ ಆಫ್ರಿಕಾ ಮೂಲದವರು, ಅರಬ್ ಮೂಲದವರು ದೊಡ್ಡ ಸಂಖ್ಯೆಯಲ್ಲಿ ಬದುಕುತ್ತಾರೆ. ತೆರೆಯ ಮೇಲೆ ಅವರು ಎಲ್ಲಿ? ತರಕಾರಿ ಅಂಗಡಿಯ ಹುಡುಗನಾಗಿ ನಟಿಸಿದ ಜಮೆಲ್ ದೆಬ್ಬೂಜ್ ಮೊರಾಕೊ ಮೂಲದವನು. ಅವನಿಗೆ ಕೊಟ್ಟ ಹೆಸರು ಲೂಸಿಯನ್.

1999ರ 'ನಾಟಿಂಗ್ ಹಿಲ್' ಕಥೆಯೂ ಹೀಗೇ. ಲಂಡನ್ನಿನ ಈ ಬಡಾವಣೆಗೆ 1950ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳ ಕಪ್ಪು ಜನ ಬಂದು ನೆಲೆಸಿದರು. 1958ರಲ್ಲಿ ಅವರ ಮೇಲೆ ಜನಾಂಗೀಯ ದಾಳಿ ನಡೆಯಿತು. ಇವತ್ತು ಪ್ರತಿ ಆಗಸ್ಟ್ ಕೊನೆಗೆ ಅಲ್ಲಿ ನಡೆಯುವ ಭಾರೀ ಕಾರ್ನಿವಲ್ ಅವರು ಕಟ್ಟಿದ್ದು. ಹ್ಯೂ ಗ್ರಾಂಟ್ ಪೋರ್ಟೊಬೆಲ್ಲೊ ಬೀದಿಯಲ್ಲಿ ನಾಲ್ಕು ಋತುಗಳ ನಡುವೆ ನಡೆದುಹೋಗುವ ಆ ಸುಂದರ ದೃಶ್ಯವನ್ನು ನಿಧಾನವಾಗಿ ನೋಡಿ. ಮಳೆ ಬರುತ್ತದೆ, ಹಿಮ ಬೀಳುತ್ತದೆ, ಬಸುರಿ ಹೆಂಗಸು ಮಗು ಎತ್ತಿಕೊಂಡು ಬರುತ್ತಾಳೆ. ಬಡಾವಣೆ ಕಟ್ಟಿದವರು ಮಾತ್ರ ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ಇದು ನಮಗೆ ಯಾಕೆ ಮುಖ್ಯ? ಯಾಕೆಂದರೆ ಸಿನಿಮಾ ಅಳಿಸಿದ ಆ ಜನರ ಸಾಲಿನಲ್ಲೇ ನಾವೂ ಇದ್ದೇವೆ. ನಾವು ಅಲ್ಲಿಗೆ ಹೋದಾಗ ಹ್ಯೂ ಗ್ರಾಂಟ್ ಆಗುವುದಿಲ್ಲ. ವೀಸಾ ಕಾಗದ ಹಿಡಿದು ನಿಲ್ಲುವ ಕಂದು ಬಣ್ಣದವರಾಗುತ್ತೇವೆ. ನೆದರ್‌ಲೆಂಡ್ಸಿನಲ್ಲಿ ಕೆಲಸಕ್ಕಿರುವ ಗೆಳತಿಯೊಬ್ಬಳು ಫೋನಿನಲ್ಲಿ ಹೇಳುತ್ತಿದ್ದಳು: "ಎಲ್ಲರೂ ನಂಗೆ, ನಿಂದೇನಮ್ಮ ಸಿನಿಮಾ ಥರ ಲೈಫು ಅಂತಾರೆ ಕಣೆ. ಡಿಸೆಂಬರಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಆಫೀಸಿಂದ ಸೈಕಲ್ ತುಳ್ಕೊಂಡು ಬಂದು, ಯಾವ ಕಸಕ್ಕೆ ಯಾವ ಡಬ್ಬ ಅಂತ ನೋಡ್ಕೊಂಡು ಹಾಕಿ, ಕುಕ್ಕರ್ ಇಡ್ತೀನಿ. ಆದ್ರೆ ಪಕ್ಕದ ಮನೆ ಅಜ್ಜಿ ಇದಾರಲ್ಲ, ಅವರು ಒಂದಿನ ಬಾಗಿಲು ತಟ್ಟಿ ಸೂಪ್ ಕೊಟ್ಟು ಹೋದ್ರು. ಆವತ್ತು ಅನ್ನಿಸ್ತು ನೋಡು, ನಾನೂ ಈ ಊರಲ್ಲಿದೀನಿ ಅಂತ." ಆ ಸೂಪಿನ ಯುರೋಪು ಸಿನಿಮಾದಲ್ಲಿ ಬರುವುದು ಅಪರೂಪ.

ಸ್ವಿಟ್ಜರ್ಲೆಂಡ್: ಕಾಶ್ಮೀರದ ಬದಲಿ

ಈಗ ನಮ್ಮದೇ ರೈಲಿಗೆ ಬರೋಣ. ಹಿಂದಿ ಸಿನಿಮಾ ಯುರೋಪಿಗೆ ಹೋಗಿದ್ದು ರಾಜ್ ಕಪೂರ್ 1964ರ 'ಸಂಗಮ್' ಕಾಲದಿಂದ. ಆದರೆ ಸ್ವಿಟ್ಜರ್ಲೆಂಡ್ ನಮ್ಮ ಕಾಯಂ ವಿಳಾಸ ಆದದ್ದು ಆಮೇಲೆ. ಅಲ್ಲಿವರೆಗೆ ಹಿಮ, ಸರೋವರ, ಹೂ ಬಯಲು ಬೇಕೆಂದರೆ ಕಾಶ್ಮೀರ ಇತ್ತು. 1980ರ ದಶಕದ ಕೊನೆಗೆ ಅಲ್ಲಿ ಬಂದೂಕಿನ ಸದ್ದು ಹೆಚ್ಚಾಗಿ ಶೂಟಿಂಗ್ ನಿಂತುಹೋಯಿತು. ಯಶ್ ಚೋಪ್ರಾ 1989ರ 'ಚಾಂದನಿ'ಯಲ್ಲಿ ಆಲ್ಪ್ಸ್ ಬೆಟ್ಟಗಳಿಗೆ ಹೋದರು. ಅಂದರೆ ನಾವು ಪ್ರೀತಿಗೆ ಹೇಳಿ ಮಾಡಿಸಿದ ಜಾಗ ಅಂದುಕೊಂಡ ಸ್ವಿಟ್ಜರ್ಲೆಂಡ್ ಮೊದಲಿಗೆ ಬಂದದ್ದು ಕಳೆದುಹೋದ ಕಣಿವೆಯ ಬದಲಿಯಾಗಿ.

'ದಿಲ್‌ವಾಲೆ'ಯಲ್ಲಿ ಒಂದು ವಿಚಿತ್ರ ಇದೆ. ಅದರ ಯುರೋಪು ಎರಡು ತುಂಡು. ಸಿನಿಮಾ ಶುರುವಾಗುವುದೇ ಲಂಡನ್ನಿನಲ್ಲಿ, ಬೆಳಗ್ಗೆ ಪಾರಿವಾಳಗಳಿಗೆ ಕಾಳು ಹಾಕುತ್ತಾ ನಿಂತ ಅಮರೀಶ್ ಪುರಿಯಿಂದ. ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದೂ ಊರು ತನ್ನದಾಗಿಲ್ಲ ಅಂತ ಕೊರಗುತ್ತಾ, ಅಂಗಡಿ ಬಾಗಿಲು ತೆರೆಯಲು ನಡೆದುಹೋಗುವ ಮನುಷ್ಯ. ಅದು ದುಡಿಮೆಯ ಯುರೋಪು. ಮಗಳು ಅಪ್ಪನ ಹತ್ತಿರ ಒಂದು ತಿಂಗಳು ಬೇಡಿ ಹೋಗುವುದು ರಜೆಯ ಯುರೋಪಿಗೆ. ಅಲ್ಲಿ ಸ್ವಿಸ್ ಜನ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೆಟ್ಟ, ಸೇತುವೆ, ಹಸುವಿನ ಗಂಟೆ ಅಷ್ಟೇ. ಮೂವತ್ತು ವರ್ಷದಿಂದ ನಾವು ನೆನಪಿಟ್ಟುಕೊಂಡಿರುವುದು ಎರಡನೆಯದನ್ನು. ಅಪ್ಪನ ಅಂಗಡಿ ಇರುವ ಲಂಡನ್ ನೋಡಲು ಯಾವ ಪ್ಯಾಕೇಜೂ ಇಲ್ಲ.

ಸ್ವಿಸ್ ಜನರೂ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು. 2016ರಲ್ಲಿ ಇಂಟರ್‌ಲಾಕೆನ್ ಊರಲ್ಲಿ ಯಶ್ ಚೋಪ್ರಾ ಪ್ರತಿಮೆ ನಿಲ್ಲಿಸಿದರು. 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್ ರೈಲು ನಿಲ್ದಾಣದಲ್ಲಿ ಬಾಲಿವುಡ್ ಹೆಸರಿನ ಹೋಟೆಲ್ ತೆರೆದರು. ಆ ರೈಲು ದಾರಿ 1912ರಿಂದ ಓಡುತ್ತಿದೆ, ಬೆಟ್ಟದ ಹೊಟ್ಟೆ ಕೊರೆದು ಹಾಕಿದ್ದು. ಮೇಲೆ ಹೋಗಿ ಸೀರೆ ಸೆರಗು ಹಾರಿಸಿ ಫೋಟೋ ತೆಗೆಯುವಾಗ ಆ ಸುರಂಗ ಕೊರೆದ ಕೂಲಿಗಳ ನೆನಪು ಯಾರಿಗೆ ಬರುತ್ತದೆ?

ಎಲ್ಲ ಊರಿಗೂ ಇದು ಲಾಭವಲ್ಲ. ಅದೇ ಪ್ರದೇಶದ ಬ್ರೀಂಜ್ ಸರೋವರದ ದಡದಲ್ಲಿ ಇಸೆಲ್ಟ್‌ವಾಲ್ಡ್ ಅಂತ ಒಂದು ಹಳ್ಳಿ. ಜನಸಂಖ್ಯೆ ಸುಮಾರು ನಾನೂರು. ಕೊರಿಯನ್ ಸೀರಿಯಲ್ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು' ನೋಡಿದವರಿಗೆ ಗೊತ್ತಿರುತ್ತದೆ, ನಾಯಕ ಸರೋವರದ ಕಟ್ಟೆಯ ಮೇಲೆ ಪಿಯಾನೊ ನುಡಿಸುವ ಜಾಗ ಅದೇ. ಸೀರಿಯಲ್ ನೆಟ್‌ಫ್ಲಿಕ್ಸಲ್ಲಿ ಬಂದ ಮೇಲೆ ಬಸ್ಸುಗಟ್ಟಲೆ ಜನ ಬಂದರು. ಒಂದು ಫೋಟೋ, ವಾಪಸ್. ಹಳ್ಳಿಯವರು ತಡೆದುಕೊಳ್ಳಲಾಗದೆ 2023ರಲ್ಲಿ ಆ ಕಟ್ಟೆಗೆ ತಿರುಗುಗೇಟು ಹಾಕಿದರು. ಒಳಗೆ ಹೋಗಲು 5 ಫ್ರಾಂಕ್.

ಇದು ನಮಗೆ ಗೊತ್ತಿಲ್ಲದ ಕಥೆಯೇನಲ್ಲ. 'ಗಾಳಿಪಟ' ಬಂದ ಮೇಲೆ ಕೊಡಗಿನ ಮಾಂದಲ್‌ಪಟ್ಟಿ ಏನಾಯಿತು ನೋಡಿದ್ದೇವಲ್ಲ. ಸಿನಿಮಾದ ಮುಗಿಲುಪೇಟೆ ಹುಡುಕಿಕೊಂಡು ಹೋಗುವವರ ಜೀಪುಗಳು ಶನಿವಾರ ಭಾನುವಾರ ಒಂದರ ಹಿಂದೆ ಒಂದು. ಮಂಜು ನೋಡಲು ಹೋಗಿ ಹೊಗೆ ಕುಡಿದು ಬರುತ್ತೇವೆ. ಇಸೆಲ್ಟ್‌ವಾಲ್ಡಿನ ಅಜ್ಜ, ಮಡಿಕೇರಿ ಕಡೆಯ ಅಜ್ಜ ಇಬ್ಬರೂ ಕೂತರೆ ಭಾಷೆ ಬಾರದಿದ್ದರೂ ಮಾತಿಗೇನೂ ಬರ ಇರಲಾರದು.

ವೆರೋನಾ: ಆಮೇಲೆ ಕಟ್ಟಿದ ಬಾಲ್ಕನಿ

ಸಿನಿಮಾ ಊರನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು ಅನ್ನುವುದಕ್ಕೆ ಇಟಲಿಯ ವೆರೋನಾ ನೋಡಬೇಕು. ಅಲ್ಲಿ ಜೂಲಿಯೆಟ್ ಮನೆ ಇದೆ. ಜೂಲಿಯೆಟ್ ಕಥೆಯಲ್ಲಿ ಬರುವವಳು, ಅವಳಿಗೆಲ್ಲಿಯ ಮನೆ? ಮನೆ ಹಳೆಯದೇ, ಆದರೆ ಪ್ರಸಿದ್ಧವಾದ ಆ ಬಾಲ್ಕನಿ ಸೇರಿಸಿದ್ದು ಸುಮಾರು 1940ರ ಹೊತ್ತಿಗೆ. ಅದಕ್ಕೆ ಕೆಲವೇ ವರ್ಷ ಮೊದಲು, 1936ರಲ್ಲಿ, ಹಾಲಿವುಡ್ಡಿನ 'ರೋಮಿಯೋ ಅಂಡ್ ಜೂಲಿಯೆಟ್' ಬಂದಿತ್ತು. ತೆರೆಯ ಮೇಲೆ ಬಾಲ್ಕನಿ ಕಂಡ ಜನ ಬಂದು ಕೇಳಿದರೆ ತೋರಿಸಲು ಒಂದು ಬೇಕಲ್ಲ! ಅಂಗಳದ ಕಂಚಿನ ಜೂಲಿಯೆಟ್ಟನ್ನು ಮುಟ್ಟಿದರೆ ಪ್ರೀತಿ ಕೈಗೂಡುತ್ತದೆ ಅಂತ ನಂಬಿಕೆ. ಮುಟ್ಟಿ ಮುಟ್ಟಿ ಸವೆದ ಮೂಲ ಪ್ರತಿಮೆಯನ್ನು 2014ರಲ್ಲಿ ಒಳಗಿಟ್ಟು ಹೊರಗೆ ನಕಲು ನಿಲ್ಲಿಸಿದರು.

ಹಾಗಂತ ವೆರೋನಾದಲ್ಲಿ ಎಲ್ಲವೂ ನಾಟಕವಲ್ಲ. ಜೂಲಿಯೆಟ್ ಹೆಸರಿಗೆ ಲೋಕದ ಮೂಲೆಮೂಲೆಯಿಂದ ಪತ್ರ ಬರುತ್ತವೆ. ಮುರಿದ ಮನಸ್ಸಿನವರು, ಹೇಳಲಾಗದೆ ಉಳಿದವರು ಬರೆಯುತ್ತಾರೆ. ಊರಿನ ಸ್ವಯಂಸೇವಕರು ಕೂತು ಕೈಬರಹದಲ್ಲಿ ಉತ್ತರ ಬರೆಯುತ್ತಾರೆ. 2010ರ 'ಲೆಟರ್ಸ್ ಟು ಜೂಲಿಯೆಟ್' ಸಿನಿಮಾಗೆ ಅದೇ ಎಳೆ. ಬಾಲ್ಕನಿ ಸುಳ್ಳು, ಪತ್ರಗಳು ನಿಜ. ಕೆಲಸ ಬಿಟ್ಟು ಕೂತು ಅಪರಿಚಿತರಿಗೆ ಸಮಾಧಾನ ಬರೆಯುವ ಆ ಹೆಂಗಸರೂ ನಿಜ. ಆದರೆ ಫೋಟೋಗೆ ಸಾಲು ನಿಲ್ಲುವುದು ಬಾಲ್ಕನಿ ಮುಂದೆ.

ವಿಯೆನ್ನಾ: ಇಬ್ಬರೂ ಹೋದ ಮೇಲೆ

ಕೊನೆಗೆ 'ಬಿಫೋರ್ ಸನ್‌ರೈಸ್'. ರಿಚರ್ಡ್ ಲಿಂಕ್ಲೇಟರ್ ನಿರ್ದೇಶನ. ಅಮೆರಿಕದ ಜೆಸ್ಸಿ, ಫ್ರಾನ್ಸಿನ ಸೆಲೀನ್ ವಿಯೆನ್ನಾದಲ್ಲಿ ಇಳಿದು ಬೆಳಗಿನವರೆಗೆ ನಡೆಯುತ್ತಾರೆ, ಮಾತಾಡುತ್ತಾರೆ. ಲಾಡ್ಜಿಗೆ ಕೊಡಲು ದುಡ್ಡಿಲ್ಲ, ಅದಕ್ಕೇ ರಾತ್ರಿಯಿಡೀ ನಡಿಗೆ. ವೈನಿಗೂ ದುಡ್ಡಿಲ್ಲ, ಬಾರಿನವನ ಹತ್ತಿರ ಕೇಳಿ ಸಾಲ ಪಡೆಯುತ್ತಾರೆ. ಈ ಸಿನಿಮಾ ಬಡತನ ಮುಚ್ಚಿಡುವುದಿಲ್ಲ, ಗಡಿಯಾರವನ್ನೂ ಮುಚ್ಚಿಡುವುದಿಲ್ಲ.

ಆದರೆ ಒಂದನ್ನು ಮುಚ್ಚಿಡುತ್ತದೆ. ಹೀಗೆ ಮನಸ್ಸು ಬಂದಲ್ಲಿ ರೈಲಿಂದ ಇಳಿಯಲು ಜೆಸ್ಸಿಗೆ ಆಗಿದ್ದು ಅವನ ಕೈಲಿದ್ದ ಪಾಸ್‌ಪೋರ್ಟಿನಿಂದ. ನಾವು ಹೊರಡುವ ಮೊದಲೇ ಯಾವ ರಾತ್ರಿ ಯಾವ ಹೋಟೆಲ್ ಅಂತ ಕಾಗದದಲ್ಲಿ ತೋರಿಸಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಬೇಕು, ಷೆಂಗೆನ್ ವೀಸಾಗೆ 90 ಯೂರೋ ಕಟ್ಟಬೇಕು. ಅದರಲ್ಲಿ ಲಂಡನ್ ಸೇರುವುದಿಲ್ಲ, ಅದಕ್ಕೆ ಬೇರೆ ವೀಸಾ. ಎಷ್ಟೋ ಲವ್ ಸ್ಟೋರಿಗಳು ನಮ್ಮ ದೇಶದವರಿಗೆ ವೀಸಾ ಸೆಂಟರಿನಲ್ಲೇ ಇಂಟರ್ವಲ್ ಆಗುತ್ತವೆ.

ದೂರವನ್ನೂ ಸಿನಿಮಾ ಮಡಚಿಡುತ್ತದೆ. ಅವರು ಹೋಗುವ ಹೆಸರಿಲ್ಲದವರ ಸ್ಮಶಾನ, ಅಂದರೆ ಡ್ಯಾನ್ಯೂಬ್ ನದಿ ದಡಕ್ಕೆ ತಂದುಹಾಕಿದ ಗುರುತು ಸಿಗದ ಶವಗಳನ್ನು ಹೂಳಿದ ಜಾಗ, ಇರುವುದು ನಗರದ ಅಂಚಿನಲ್ಲಿ, ಬಂದರಿನ ಪಕ್ಕ. ತೆರೆಯ ಮೇಲೆ ನಾಲ್ಕು ಹೆಜ್ಜೆ. ಆದರೂ ಲವ್ ಸ್ಟೋರಿಯೊಂದು ಪ್ರೇಮಿಗಳನ್ನು ಅಂಥ ಕಡೆ ಕರೆದೊಯ್ದಿತಲ್ಲ, ಅದಕ್ಕೆ ಮೆಚ್ಚಬೇಕು.

ಈ ಕಥೆಯ ಮೂಲ ಗೊತ್ತಾದರೆ ಇನ್ನೂ ಆಶ್ಚರ್ಯವಾಗುತ್ತದೆ. ಲಿಂಕ್ಲೇಟರ್ ಬದುಕಿನಲ್ಲಿ ಅಂಥ ಒಂದು ರಾತ್ರಿ ನಿಜಕ್ಕೂ ನಡೆದಿತ್ತು, 1989ರಲ್ಲಿ. ಪರಿಚಯವಾದ ಹುಡುಗಿಯ ಜೊತೆ ರಾತ್ರಿಯಿಡೀ ಊರು ಸುತ್ತಿ ಮಾತಾಡಿದ್ದ. ಯಾವ ಊರು ಗೊತ್ತಾ? ಅಮೆರಿಕದ ಫಿಲಡೆಲ್ಫಿಯಾ. ಯುರೋಪೇ ಅಲ್ಲ! ಆಮೇಲೆ ಇಬ್ಬರ ಸಂಪರ್ಕ ತಪ್ಪಿತು. ಸಿನಿಮಾ ತೆರೆಗೆ ಬರುವ ಮೊದಲೇ ಅವಳು ಅಪಘಾತದಲ್ಲಿ ತೀರಿಕೊಂಡಿದ್ದಳು. ಅದು ಅವನಿಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ವಿಯೆನ್ನಾ ಆ ರಾತ್ರಿಯನ್ನು ಹುಟ್ಟಿಸಲಿಲ್ಲ, ಅದಕ್ಕೆ ಜಾಗ ಕೊಟ್ಟಿತು ಅಷ್ಟೇ. ರಾತ್ರಿ ಹುಟ್ಟಿದ್ದು ಇಬ್ಬರ ಮಾತಿನಿಂದ. ಹಾಗಾದರೆ ಅದು ಶಿವಮೊಗ್ಗದಲ್ಲೂ ಆಗಬಹುದು, ಧಾರವಾಡದಲ್ಲೂ ಆಗಬಹುದು.

ಊರು ಪ್ರೀತಿಯನ್ನು ಕಾಪಾಡುವುದೂ ಇಲ್ಲ. ಇದೇ ಜೋಡಿಯ ಮೂರನೇ ಸಿನಿಮಾ, 2013ರ 'ಬಿಫೋರ್ ಮಿಡ್‌ನೈಟ್', ನಡೆಯುವುದು ಗ್ರೀಸಿನ ಸಮುದ್ರ ತೀರದಲ್ಲಿ. ಅವಳಿ ಮಕ್ಕಳಿದ್ದಾರೆ. ಅವಳಿಗೆ ಹೊಸ ಕೆಲಸದ ಯೋಚನೆ, ಅವನಿಗೆ ದೂರದಲ್ಲಿರುವ ಮೊದಲ ಮಗನ ಚಿಂತೆ. ಗೆಳೆಯರು ಒಂದು ರಾತ್ರಿಗೆ ಒಳ್ಳೆ ಹೋಟೆಲ್ ರೂಮ್ ಮಾಡಿಕೊಟ್ಟಿರುತ್ತಾರೆ. ಆ ರೂಮಿನಲ್ಲಿ ಇಬ್ಬರೂ ಜಗಳ ಆಡುತ್ತಾರೆ. ಎಂಥ ಜಗಳ! ಹೊರಗೆ ಗ್ರೀಸಿನ ಚಂದದ ಸಂಜೆ ಇದ್ದೇ ಇದೆ. ಅದು ಯಾರನ್ನೂ ಸಮಾಧಾನ ಮಾಡುವುದಿಲ್ಲ.

ಹೋದರೆ ಏನು ನೋಡೋದು?

ಇಷ್ಟೆಲ್ಲ ಹೇಳಿದ್ದು ಹೋಗಬೇಡಿ ಅನ್ನೋಕಲ್ಲ. ಹೋಗಿ. ಆದರೆ ಸಿನಿಮಾದ ಜಾಗ ಹುಡುಕಲು ಎಲ್ಲಾ ದಿನ ಕಳೆಯಬೇಡಿ. ಒಂದು ಬೆಳಗ್ಗೆ ಟ್ರಾಮ್ ಹತ್ತಿ ಕೊನೆಯ ಸ್ಟಾಪಿಗೆ ಹೋಗಿ ಇಳಿಯಿರಿ. ಶಾಲೆಗೆ ಹೋಗುವ ಮಕ್ಕಳು, ನಾಯಿ ಹಿಡಿದ ಅಜ್ಜಂದಿರು, ಬಟ್ಟೆ ಒಣಗಿದ ಬಾಲ್ಕನಿ ಕಾಣುತ್ತವೆ. ವಿಯೆನ್ನಾದಲ್ಲಿ ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಬೈದುಕೊಳ್ಳಬೇಡಿ, ಅಂಗಡಿಯವರಿಗೂ ರಜೆ ಬೇಕಲ್ಲ. ಜೂನಿನ ಜಾತ್ರೆ ಬಿಟ್ಟು ನವೆಂಬರಿನ ಚಳಿಗೆ ಹೋದರೆ ದುಡ್ಡೂ ಉಳಿಯುತ್ತದೆ, ಊರೂ ಸಿಗುತ್ತದೆ.

ಇದನ್ನು ಚೆನ್ನಾಗಿ ಕಲಿಸಿಕೊಟ್ಟದ್ದು ನಮ್ಮದೇ ಸಿನಿಮಾ, 2014ರ 'ಕ್ವೀನ್'. ಮದುವೆ ಮುರಿದುಹೋದ ದೆಹಲಿಯ ರಾಣಿ ಹನಿಮೂನಿಗೆ ಒಬ್ಬಳೇ ಹೊರಡುತ್ತಾಳೆ. ಪ್ಯಾರಿಸಿನಲ್ಲಿ ಎತ್ತ ತಿರುಗಿದರೂ ಐಫೆಲ್ ಗೋಪುರ ಕಂಡು ಅವನ ನೆನಪಾಗಿ ಓಡುತ್ತಾಳೆ. ಕಳ್ಳ ಬ್ಯಾಗ್ ಕಿತ್ತರೆ ಬಿಡದೆ ಹಿಡಿದುಕೊಳ್ಳುತ್ತಾಳೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಅಪರಿಚಿತ ಹುಡುಗರ ಜೊತೆ ಹಾಸ್ಟೆಲ್ ರೂಮ್ ಹಂಚಿಕೊಳ್ಳುತ್ತಾಳೆ, ಗೋಲ್‌ಗಪ್ಪ ಮಾಡಿ ಮಾರುತ್ತಾಳೆ. ಹನಿಮೂನಿಗೆ ಬಂದವಳು ದುಡಿದು ನಾಲ್ಕು ಕಾಸು ನೋಡಿದ ದಿನ ಆ ಊರು ಅವಳಿಗೆ ಸ್ವಲ್ಪ ತನ್ನದಾಗುತ್ತದೆ. ಅಮರೀಶ್ ಪುರಿಯ ಅಂಗಡಿಯ ಯುರೋಪು, ಶಾರುಖ್ ಕಾಜೋಲರ ರಜೆಯ ಯುರೋಪು ಎರಡೂ ಕೊನೆಗೆ ಒಂದೇ ಸಿನಿಮಾದಲ್ಲಿ ಸಿಕ್ಕಿದ್ದು ಇಲ್ಲಿ.

'ಬಿಫೋರ್ ಸನ್‌ರೈಸ್' ಕೊನೆಯ ಎರಡು ನಿಮಿಷ ಯಾವತ್ತಾದರೂ ಸುಮ್ಮನೆ ಕೂತು ನೋಡಿ. ಇಬ್ಬರೂ ರೈಲು, ಬಸ್ಸು ಹತ್ತಿ ಹೋಗಿಯಾಗಿದೆ. ಕ್ಯಾಮೆರಾ ಮಾತ್ರ ಅವರು ರಾತ್ರಿ ಸುತ್ತಿದ ಜಾಗಗಳಿಗೆ ಒಂದೊಂದಾಗಿ ವಾಪಸ್ ಹೋಗುತ್ತದೆ. ಖಾಲಿ ಸೇತುವೆ, ನಿಂತ ದೊಡ್ಡ ಚಕ್ರ, ಹುಲ್ಲಿನ ಮೇಲೆ ಬಿಟ್ಟುಹೋದ ವೈನ್ ಬಾಟಲಿ. ಪಾರ್ಕಿನಲ್ಲಿ ಒಬ್ಬ ಮುದುಕಿ ತನ್ನ ಪಾಡಿಗೆ ತಾನು ನಡೆದು ಹೋಗುತ್ತಾಳೆ. ಅವಳಿಗೆ ಅಲ್ಲಿ ರಾತ್ರಿ ಏನು ನಡೆಯಿತು ಅನ್ನುವುದು ಗೊತ್ತಿಲ್ಲ. ಅವಳಿಗದು ಇನ್ನೊಂದು ಬೆಳಗು ಅಷ್ಟೇ. ಆ ಊರು ಅವಳದ್ದು.